ಮೊದಲು ಶನಿವಾರಗಳನ್ನು ಬರೆಸಿಕೊಳ್ಳಿ: ನ್ಯಾಷನಲ್ ಲ್ಯಾಕ್ರೋಸ್ ಲೀಗಿನ ಆಡಳಿತ ಮಂಡಳಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ ಮತ್ತು ತಂಡಗಳ ಮಾಲೀಕರೇ,

2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ ಕ್ರಿಕೆಟ್ ಜೊತೆಗೇ ಲ್ಯಾಕ್ರೋಸ್ ಕೂಡ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರ್ಪಡೆಯಾಯಿತು. ಕ್ರಿಕೆಟ್ಟಿನ ಸಂಭ್ರಮದಲ್ಲಿ ನಮ್ಮ ಕಡೆ ಆ ಸುದ್ದಿ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಉತ್ತರ ಅಮೆರಿಕದಲ್ಲಿ ಹಾಗಲ್ಲ. ಒಲಿಂಪಿಕ್ಸ್ ಹತ್ತಿರವಾದಷ್ಟೂ ಹೊಸ ಊರಿಗೆ ತಂಡ ಬೇಕೆಂದು ಹಣ ಹಿಡಿದು ನಿಮ್ಮಲ್ಲಿಗೆ ಬರುವವರು ಹೆಚ್ಚುವುದು ಸಹಜ. ಅವರಿಗೆ ಒಪ್ಪಿಗೆ ಕೊಡುವ ಮೊದಲು ಈ ಪತ್ರವನ್ನು ಓದಿ ಎಂಬುದು ನಮ್ಮ ವಿನಂತಿ.

ನಾವು ಕೇಳುವುದು ಒಂದು ಕ್ರಮವನ್ನು. ತಂಡದ ಹೆಸರು, ಲಾಂಛನ, ಜೆರ್ಸಿ, ಪತ್ರಿಕಾಗೋಷ್ಠಿ ಎಲ್ಲ ಆಮೇಲೆ. ಅರೀನಾದ (ಒಳಾಂಗಣ ಕ್ರೀಡಾಂಗಣದ) ದಿನಾಂಕಗಳು, ಆಡುವ ನೆಲ, ಆ ಊರಿನಲ್ಲೇ ಮನೆ ಮಾಡಿಕೊಂಡಿರುವ ಆಟಗಾರರು, ಈ ಮೂರೂ ಕಾಗದದ ಮೇಲೆ ಬರುವವರೆಗೆ ಯಾರಿಗೂ ತಂಡ ಕೊಡಬೇಡಿ. ಪ್ರವೇಶ ಶುಲ್ಕ ಎಷ್ಟೇ ದೊಡ್ಡದಿರಲಿ, ಅದು ಬರುವುದು ಒಂದೇ ಸಲ. ತಂಡ ಮುಚ್ಚಿದಾಗ ಆಗುವ ನಷ್ಟವನ್ನು ಲೀಗು, ಆಟಗಾರರು ಮತ್ತು ಟಿಕೆಟ್ ಕೊಂಡ ಜನ ವರ್ಷಗಟ್ಟಲೆ ಹೊರುತ್ತಾರೆ.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ತುದಿಯಲ್ಲಿ ಬಲೆಯಿರುವ ಕೋಲಿನಿಂದ ಚೆಂಡನ್ನು ಹಿಡಿದು, ಎಸೆದು ಗೋಲು ಹೊಡೆಯುವ ಆಟ ಲ್ಯಾಕ್ರೋಸ್. ಅಮೆರಿಕ ಮತ್ತು ಕೆನಡಾದ ವೃತ್ತಿಪರ ಲೀಗಾದ ನ್ಯಾಷನಲ್ ಲ್ಯಾಕ್ರೋಸ್ ಲೀಗ್ (ಎನ್‌ಎಲ್‌ಎಲ್) ಆಡಿಸುವುದು ಬಾಕ್ಸ್ ಲ್ಯಾಕ್ರೋಸ್. ಐಸ್ ಹಾಕಿಯ ಅಂಕಣದ ಮೇಲೆ ಕೃತಕ ಹುಲ್ಲುಹಾಸು ಹಾಸಿ, ಸುತ್ತ ಹಾಕಿಯ ಬೋರ್ಡು ಮತ್ತು ಗಾಜಿನ ಗೋಡೆ ಹಾಗೇ ಇಟ್ಟುಕೊಂಡು ಆಡುವ ಆಟ. ಒಂದೊಂದು ಕಡೆ ಐವರು ಓಡುವವರು, ಒಬ್ಬ ಗೋಲಿ (ಗೋಲು ಕಾಯುವವ). 15 ನಿಮಿಷಗಳ ನಾಲ್ಕು ಅವಧಿ. ಚೆಂಡು ಕೈಗೆ ಬಂದ 30 ಸೆಕೆಂಡಿನೊಳಗೆ ಗೋಲಿನತ್ತ ಹೊಡೆಯಬೇಕು. ನವೆಂಬರ್ ಕೊನೆ ಅಥವಾ ಡಿಸೆಂಬರ್ ಆರಂಭದಿಂದ ವಸಂತದವರೆಗೆ ಪ್ರತಿ ತಂಡಕ್ಕೆ 18 ಪಂದ್ಯ, ಅದರಲ್ಲಿ ತವರಿನಲ್ಲಿ 9. ಬಯಲಿನಲ್ಲಿ ಹತ್ತು ಹತ್ತು ಜನ ಆಡುವ ಫೀಲ್ಡ್ ಲ್ಯಾಕ್ರೋಸ್ ಬೇರೆ, ಒಲಿಂಪಿಕ್ಸ್‌ಗಾಗಿ 70 ಮೀಟರ್ ಉದ್ದ 36 ಮೀಟರ್ ಅಗಲದ ಮೈದಾನದಲ್ಲಿ ಆಡುವ ಸಿಕ್ಸಸ್ ಬೇರೆ. ಒಂದರ ಜನಪ್ರಿಯತೆ ಇನ್ನೊಂದಕ್ಕೆ ತಾನಾಗಿ ಹರಿದುಬರುತ್ತದೆ ಎಂದು ನಂಬಿ ಊರು ಆರಿಸಿದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಹಳೆಯ ದಾರಿಯನ್ನು ಒಮ್ಮೆ ನೋಡಿ. 1987ರಲ್ಲಿ ನಾಲ್ಕು ತಂಡಗಳೊಂದಿಗೆ ಈ ಲೀಗು ಶುರುವಾದಾಗ ಇದ್ದ ಫಿಲಡೆಲ್ಫಿಯಾ ವಿಂಗ್ಸ್ 2014ರಲ್ಲಿ ಕನೆಕ್ಟಿಕಟ್‌ನ ಮೊಹೀಗನ್ ಸನ್ ಕ್ಯಾಸಿನೊದ ಅರೀನಾಕ್ಕೆ ಹೋಯಿತು. ಅಲ್ಲಿಂದ 2021ರಲ್ಲಿ ಆಲ್ಬನಿ. ಈಗ ಒಂಟಾರಿಯೊದ ಓಷಾವ. ಬಾಲ್ಟಿಮೋರ್‌ನ ತಂಡ ಪಿಟ್ಸ್‌ಬರ್ಗ್‌ನಲ್ಲಿ ಒಂದು ಋತು, ವಾಷಿಂಗ್ಟನ್‌ನಲ್ಲಿ ಎರಡು ಋತು ಕಳೆದು 2003ರಲ್ಲಿ ಡೆನ್ವರ್ ತಲುಪಿ ಕೊಲರಾಡೊ ಮ್ಯಾಮತ್ ಆಗಿ ಬೇರೂರಿತು. ನ್ಯೂಯಾರ್ಕ್ ಟೈಟನ್ಸ್ ಆರ್ಲ್ಯಾಂಡೊಗೆ ಹೋಗಿ ಒಂದೇ ಋತುವಿನಲ್ಲಿ ಮುಗಿಯಿತು. ಚಿಕಾಗೊ ಶಾಮ್‌ರಾಕ್ಸ್ ಆಡಿದ್ದು ಎರಡೇ ಋತು. 2019ರಲ್ಲಿ ಲಾಂಗ್ ಐಲೆಂಡ್‌ನಲ್ಲಿ ಹುಟ್ಟಿದ ನ್ಯೂಯಾರ್ಕ್ ರಿಪ್‌ಟೈಡ್ ಈಗ ಒಟ್ಟಾವದ ತಂಡ. ಕೋವಿಡ್‌ನಿಂದ ಮೊದಲ ಋತು ಅರ್ಧಕ್ಕೆ ನಿಂತು, ಮುಂದಿನದು ನಡೆಯದೇ ಹೋದದ್ದು ರಿಪ್‌ಟೈಡ್‌ಗೆ ದೊಡ್ಡ ಹೊಡೆತ. ನ್ಯಾಯವಾಗಿ ಇದನ್ನೂ ಹೇಳಬೇಕು. ಆದರೆ ಎಲ್ಲ ವಲಸೆಗೂ ಕೋವಿಡ್ ಕಾರಣವಲ್ಲ.

ಟೆಕ್ಸಾಸ್‌ನ ಫೋರ್ಟ್‌ವರ್ತ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ. ಪ್ಯಾಂಥರ್ ಸಿಟಿ ತಂಡ ಅಲ್ಲಿ 2021ರ ಡಿಸೆಂಬರ್‌ನಲ್ಲಿ ಆಟ ಶುರುಮಾಡಿತು. 2019ರಲ್ಲಷ್ಟೇ ತೆರೆದಿದ್ದ ಡಿಕೀಸ್ ಅರೀನಾ ಅದರ ಮನೆ. ಎರಡನೇ ಋತುವಿನಲ್ಲೇ ತಂಡ ಪ್ಲೇಆಫ್ ತಲುಪಿತು. ಆದರೂ ಮೂರು ಋತು ಮುಗಿಸಿ 2024ರಲ್ಲಿ ಬಾಗಿಲು ಮುಚ್ಚಿತು. ಆಟ ಕೆಟ್ಟದಾಗಿತ್ತು ಎನ್ನುವಂತಿಲ್ಲ, ಅರೀನಾ ಹಳೆಯದು ಎನ್ನುವಂತಿಲ್ಲ. ಆದರೆ ಅದೇ ಅರೀನಾ ಫೋರ್ಟ್‌ವರ್ತ್‌ನ ಪ್ರಸಿದ್ಧ ಜಾನುವಾರು ಜಾತ್ರೆಯ ರೋಡಿಯೊಗೂ (ಹೋರಿ, ಕುದುರೆ ಸವಾರಿಯ ಸ್ಪರ್ಧೆಗೂ) ಮನೆ. ಜನವರಿ ನಡುವಿನಿಂದ ಫೆಬ್ರವರಿ ಆರಂಭದವರೆಗೆ ಮೂರು ವಾರಕ್ಕೂ ಹೆಚ್ಚು ಕಾಲ ಒಳಗೆ ಮಣ್ಣು ಹಾಸಿರುತ್ತದೆ, ಹೋರಿ ಕುದುರೆಗಳಿರುತ್ತವೆ. ಎನ್‌ಎಲ್‌ಎಲ್ ಋತುವಿನ ಹೃದಯಭಾಗದಲ್ಲಿ ಮೂರು ನಾಲ್ಕು ಶನಿವಾರಗಳು ಕೈಗೆ ಸಿಗುವುದಿಲ್ಲ. ಡಿಸೆಂಬರ್‌ನಲ್ಲಿ ಒಂದು ತವರು ಪಂದ್ಯ ನೋಡಿ ಇಷ್ಟಪಟ್ಟ ಹೊಸ ಪ್ರೇಕ್ಷಕ ಮುಂದಿನ ಪಂದ್ಯಕ್ಕೆ ವಾರಗಟ್ಟಲೆ ಕಾಯಬೇಕಾದರೆ ಅವನ ಆಸಕ್ತಿ ಆರುತ್ತದೆ. ತಂಡ ಮುಚ್ಚಲು ರೋಡಿಯೊ ಒಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಸುತ್ತ ಸಾವಿರ ಕಿಲೊಮೀಟರಿನೊಳಗೆ ಇನ್ನೊಂದು ತಂಡವೇ ಇರಲಿಲ್ಲವಾದ್ದರಿಂದ ಪಕ್ಕದೂರಿನ ಪೈಪೋಟಿಯೂ ಹುಟ್ಟಲಿಲ್ಲ. ಆದರೆ ಈ ಎರಡೂ ಸಂಗತಿಗಳು ತಂಡ ಘೋಷಿಸುವ ಮೊದಲೇ ಯಾರಿಗೂ ಗೊತ್ತಾಗಬಹುದಾಗಿದ್ದಂಥವು. ಒಂದನ್ನು ಹೇಳಲು ಕ್ಯಾಲೆಂಡರ್ ಸಾಕು, ಇನ್ನೊಂದಕ್ಕೆ ನಕ್ಷೆ ಸಾಕು.

ಅರೀನಾದ ದಿನಾಂಕ ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆ ಎಂಬುದು ಕರ್ನಾಟಕದ ಕಬಡ್ಡಿ ಪ್ರೇಮಿಗಳಿಗೆ ಬಿಡಿಸಿ ಹೇಳಬೇಕಿಲ್ಲ. 2017ರಲ್ಲಿ ಬೆಂಗಳೂರು ಬುಲ್ಸ್ ತನ್ನ ತವರು ಪಂದ್ಯಗಳನ್ನು ಕಂಠೀರವದಲ್ಲಿ ಆಡದೆ ನಾಗಪುರದಲ್ಲಿ ಆಡಿತು. ಮುಂದಿನ ಆವೃತ್ತಿಯಲ್ಲಿ ಪುಣೆಯಲ್ಲಿ. ಬುಲ್ಸ್ ಪ್ರೊ ಕಬಡ್ಡಿ ಗೆದ್ದದ್ದು ಅದೇ ಆವೃತ್ತಿಯಲ್ಲಿ. ತಂಡ ಚಾಂಪಿಯನ್ ಆದ ವರ್ಷ ಬೆಂಗಳೂರಿನವರಿಗೆ ತಮ್ಮೂರಲ್ಲಿ ಒಂದು ಪಂದ್ಯ ನೋಡುವ ಭಾಗ್ಯವಿರಲಿಲ್ಲ. ಕಬಡ್ಡಿ ಈ ನೆಲದ ಆಟವಾದ್ದರಿಂದ ತಡೆದುಕೊಂಡಿತು. ಹೊಸ ಊರಿನಲ್ಲಿ ಹೊಸ ಆಟ ತಡೆದುಕೊಳ್ಳುವುದಿಲ್ಲ.

ಆದ್ದರಿಂದ ಅರ್ಜಿ ಬಂದ ಕೂಡಲೇ ಅರೀನಾದವರಿಂದ ಸಹಿಯಾದ ಕ್ಯಾಲೆಂಡರ್ ಕೇಳಿ. ಒಂದು ವರ್ಷದ್ದಲ್ಲ, ಐದು ವರ್ಷದ್ದು. ಒಂಬತ್ತು ತವರು ಪಂದ್ಯಗಳಲ್ಲಿ ಕನಿಷ್ಠ ಆರು ಶನಿವಾರ ಸಂಜೆಗೆ ಇರಬೇಕು, ಉಳಿದವು ಶುಕ್ರವಾರ ರಾತ್ರಿಗೆ. ಅಮೆರಿಕನ್ ಫುಟ್‌ಬಾಲ್ ಋತು ಮುಗಿಯುವವರೆಗೆ ಭಾನುವಾರ ಮುಟ್ಟಬೇಡಿ. ಎರಡು ತವರು ಪಂದ್ಯಗಳ ನಡುವೆ ಮೂರು ವಾರಕ್ಕಿಂತ ಹೆಚ್ಚು ಅಂತರ ಬೇಡ. ಪ್ಲೇಆಫ್‌ಗೆ ಬೇಕಾಗುವ ಏಪ್ರಿಲ್, ಮೇ ತಿಂಗಳ ದಿನಗಳನ್ನು ತಾತ್ಕಾಲಿಕವಾಗಿಯಾದರೂ ಕಾದಿರಿಸಿರಬೇಕು. ಆಗ ಸಂಗೀತ ಕಾರ್ಯಕ್ರಮಗಳಿಗೆ ಅರೀನಾ ಹೋಗಿಬಿಟ್ಟಿದ್ದರೆ ಗೆದ್ದ ತಂಡ ತನ್ನ ಊರಲ್ಲೇ ಆಡಲಾಗದೆ ಬೇರೆ ಕಡೆ ಜಾಗ ಹುಡುಕಬೇಕಾಗುತ್ತದೆ.

ಇದರ ಹಿಂದೆ ಇನ್ನೊಂದು ಪ್ರಶ್ನೆ ಇದೆ: ಬಾಗಿಲಿನ ಕೀಲಿ ಯಾರ ಕೈಯಲ್ಲಿದೆ? ಬಫಲೊ, ಕ್ಯಾಲ್ಗರಿ, ವ್ಯಾಂಕೂವರ್, ಕೊಲರಾಡೊ, ಫಿಲಡೆಲ್ಫಿಯಾ (ಹಳೆಯ ವಿಂಗ್ಸ್ ಹೋದ ಮೇಲೆ ಬಂದ ಹೊಸ ತಂಡ) ಈ ಐದೂ ಕಡೆ ಲ್ಯಾಕ್ರೋಸ್ ತಂಡದ ಮಾಲೀಕರು ಅದೇ ಊರಿನ ಐಸ್ ಹಾಕಿ ತಂಡದ ಮಾಲೀಕರೇ. ಅವರಿಗೆ ದಿನಾಂಕಕ್ಕಾಗಿ ಯಾರನ್ನೂ ಬೇಡಬೇಕಿಲ್ಲ. ಪಾರ್ಕಿಂಗ್, ತಿಂಡಿ, ಬಿಯರ್, ಒಳಗಿನ ಜಾಹೀರಾತು ಫಲಕದ ಹಣ ಮನೆಯೊಳಗೇ ಉಳಿಯುತ್ತದೆ. ಟಿಕೆಟ್ ಮಾರುವ ಸಿಬ್ಬಂದಿ ಈಗಾಗಲೇ ಸಂಬಳದಲ್ಲಿದ್ದಾರೆ. ಬಫಲೊ ಬ್ಯಾಂಡಿಟ್ಸ್ 2023, 2024, 2025ರಲ್ಲಿ ಸತತ ಮೂರು ಸಲ ಪ್ರಶಸ್ತಿ ಗೆದ್ದದ್ದು ಆಟಗಾರರ ಬಲದಿಂದ. ಅಲ್ಲಿನ ಅರೀನಾ ತುಂಬುವುದರಲ್ಲಿ ಈ ವ್ಯವಸ್ಥೆಯ ಪಾಲೂ ಇದೆ.

ಬಾಡಿಗೆದಾರ ತಂಡದ ಲೆಕ್ಕ ನೋಡಿ. ಉದಾಹರಣೆಗೆ ಹಣ ಕೊಟ್ಟು ಬರುವವರು 5,000 ಜನ, ಸರಾಸರಿ ಟಿಕೆಟ್ 30 ಡಾಲರ್ ಎನ್ನೋಣ. ಪಂದ್ಯಕ್ಕೆ 1.5 ಲಕ್ಷ, ಒಂಬತ್ತಕ್ಕೆ 13.5 ಲಕ್ಷ ಡಾಲರ್. ಅರೀನಾದ ಬಾಡಿಗೆ, ಕಾವಲು, ಸ್ವಚ್ಛತೆ, ಟಿಕೆಟ್ ಕಂಪನಿಯ ಕಮಿಷನ್, ನೆಲ ಹಾಸುವ ಕೂಲಿ, ವಿಮೆ, ಪ್ರಯಾಣ, ಸಂಬಳ ಎಲ್ಲವೂ ಇದರೊಳಗೇ ಆಗಬೇಕು. ಪಾರ್ಕಿಂಗ್ ಮತ್ತು ಬಿಯರ್‌ನ ಹಣ ಅರೀನಾದವರ ಜೇಬಿಗೆ. ಹೀಗಾಗಿ ಬಾಡಿಗೆದಾರರಾಗಿ ಬರುವವರಿಗೆ ತಿಂಡಿ ಮತ್ತು ಪಾರ್ಕಿಂಗ್ ಆದಾಯದಲ್ಲಿ ಪಾಲು ಕೊಡುವ ಕರಾರು ಇಲ್ಲದಿದ್ದರೆ ಅರ್ಜಿಯನ್ನು ವಾಪಸ್ ಕಳಿಸಿ. ಪುಕ್ಕಟೆ ಟಿಕೆಟ್ ಹಂಚಿ ಆಸನ ತುಂಬಿಸಿದ ಸಂಖ್ಯೆಯನ್ನು ನಂಬಲೇಬೇಡಿ. ಒಮ್ಮೆ ಪುಕ್ಕಟೆ ಬಂದವನಿಗೆ ಮುಂದಿನ ಬಾರಿ 30 ಡಾಲರ್ ದುಬಾರಿ ಅನ್ನಿಸುತ್ತದೆ.

ಬಯಲು ಲ್ಯಾಕ್ರೋಸಿನಲ್ಲೂ ಇದೇ ಪಾಠ. ಮೇಜರ್ ಲೀಗ್ ಲ್ಯಾಕ್ರೋಸ್ 2006ರಲ್ಲಿ ಒಂದೇ ಬಾರಿಗೆ ಪಶ್ಚಿಮದ ಕಡೆ ನಾಲ್ಕು ತಂಡ ಸೇರಿಸಿತು. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ 2008ರ ಋತುವಿಗೇ ಮುಗಿದವು. ಚಿಕಾಗೊ ತಂಡ ರಾಚೆಸ್ಟರ್‌ಗೆ ಹೋಯಿತು. ಉಳಿದದ್ದು ಡೆನ್ವರ್ ಮಾತ್ರ. ಅದರ ಮಾಲೀಕರು ಅಮೆರಿಕನ್ ಫುಟ್‌ಬಾಲ್ ತಂಡ ಡೆನ್ವರ್ ಬ್ರಾಂಕೋಸ್‌ನ ಮಾಲೀಕರು. ಆಡಿದ್ದೂ ಬ್ರಾಂಕೋಸ್ ಕ್ರೀಡಾಂಗಣದಲ್ಲೇ.

ಹಾಗೆಂದು ಬಾಡಿಗೆ ಮನೆಯಲ್ಲಿ ಬದುಕಲಾಗದು ಎಂದೇನಿಲ್ಲ. ಎಡ್ಮಂಟನ್ ರಶ್ 2015ರಲ್ಲಿ ಪ್ರಶಸ್ತಿ ಗೆದ್ದ ಬೆನ್ನಿಗೇ ಕೆನಡಾದ ಇನ್ನೊಂದು ಊರಾದ ಸಾಸ್ಕಟೂನ್‌ಗೆ ಬಂತು. 2021ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ ಸುಮಾರು 2.66 ಲಕ್ಷ. ಅರೀನಾ ನಗರದ್ದು. ಆದರೂ ಕೆಲವು ಋತುಗಳಲ್ಲಿ ಸರಾಸರಿ ಪ್ರೇಕ್ಷಕರು 14 ಸಾವಿರ ದಾಟಿದ್ದರು. ಊರಿನಲ್ಲಿ ದೊಡ್ಡ ಲೀಗಿನ ಬೇರೆ ಯಾವ ತಂಡವೂ ಇಲ್ಲ. ಉದ್ದದ ಚಳಿಗಾಲದಲ್ಲಿ ಶನಿವಾರ ಸಂಜೆ ಹೋಗಲು ಒಂದು ಜಾಗ ಬೇಕಿತ್ತು. ಜೂನಿಯರ್ ಹಾಕಿಯಿಂದಾಗಿ ಅರೀನಾಕ್ಕೆ ಹೋಗುವ ಅಭ್ಯಾಸ ಜನರಿಗೆ ಮೊದಲೇ ಇತ್ತು. ಹ್ಯಾಲಿಫ್ಯಾಕ್ಸ್ ಕೂಡ ಇದೇ ಬಗೆಯ ಊರು. ಹೊಸ ಮಾರುಕಟ್ಟೆ ಎಂದಕೂಡಲೇ ಜನಸಂಖ್ಯೆಯ ಪಟ್ಟಿ ತೆಗೆದು ಮೇಲಿನಿಂದ ಓದುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಲಾಸ್ ವೇಗಸ್ ತಂಡ ಸ್ಟ್ರಿಪ್ ಎಂಬ ಕ್ಯಾಸಿನೊ ಬೀದಿಯ ದೊಡ್ಡ ಅರೀನಾ ಬಿಟ್ಟು ಪಕ್ಕದೂರು ಹೆಂಡರ್ಸನ್‌ನ ಸಣ್ಣ ಅರೀನಾಕ್ಕೆ ಹೋದದ್ದು ಸರಿಯಾದ ನಿರ್ಧಾರ ಎಂದೇ ನಮ್ಮ ಅಭಿಪ್ರಾಯ. ಆರು ಸಾವಿರದ ಅರೀನಾದಲ್ಲಿ ಐದು ಸಾವಿರ ಜನ ಎಬ್ಬಿಸುವ ಸದ್ದು ಹನ್ನೆರಡು ಸಾವಿರದ ಅರೀನಾದಲ್ಲಿ ಹುಟ್ಟುವುದಿಲ್ಲ.

ಇನ್ನು ನೆಲ. ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ಅಂದರೆ ಸುಮಾರು 17,000 ಚದರ ಅಡಿ ಹುಲ್ಲುಹಾಸು. 12 ಅಡಿ ಅಗಲದ ಸುರುಳಿಗಳಾದರೆ ಅಡ್ಡಡ್ಡ ಹಾಸಲು 17 ಸುರುಳಿ ಬೇಕು, 16 ಜೋಡಣೆ ಬರುತ್ತವೆ. ತೊಂದರೆ ಶುರುವಾಗುವುದು ಈ ಜೋಡಣೆಗಳಲ್ಲೇ. ಒಂದು ಕಡೆ ಅಂಚು ಎದ್ದರೆ ಪುಟಿಸಿ ಕೊಟ್ಟ ಪಾಸ್ ದಿಕ್ಕು ತಪ್ಪುತ್ತದೆ, ಓಡುತ್ತ ತಿರುಗುವ ಆಟಗಾರನ ಮೊಣಕಾಲು ಸಿಕ್ಕಿಕೊಳ್ಳುತ್ತದೆ. ಕೆಳಗೆ ಮಂಜುಗಡ್ಡೆ ಇರುತ್ತದೆ, ಅದರ ಮೇಲೆ ಶಾಖ ತಡೆಯುವ ಹಲಗೆಗಳು, ಅದರ ಮೇಲೆ ಹುಲ್ಲುಹಾಸು. ಹಲಗೆಗಳ ನಡುವೆ ಸಂದು ಉಳಿದರೆ ತಂಪು ಮೇಲೇರಿ ಅರೀನಾದ ತೇವ ಅಲ್ಲೇ ನೀರಾಗಿ ನೆಲ ಜಾರುತ್ತದೆ. ಬೋರ್ಡಿನ ಬುಡದಲ್ಲಿ ಹುಲ್ಲುಹಾಸು ಗಿಡ್ಡವಾದರೆ ಚೆಂಡು ಆ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಟಕ್ಕೆ ಮೂರು ಗಂಟೆ ಮುಂಚೆ ಒಬ್ಬರು ಎಲ್ಲ ಜೋಡಣೆಯ ಮೇಲೂ ಕಾಲೆಳೆದು ನಡೆದು, ಗೋಲಿನ ಮುಂದಿನ ವೃತ್ತವನ್ನು ಎರಡು ಸಲ ನೋಡಿ, ಸಹಿ ಹಾಕುವ ಪದ್ಧತಿ ಎಲ್ಲ ಹೊಸ ಅರೀನಾಗಳಲ್ಲೂ ಕಡ್ಡಾಯವಾಗಲಿ. ಹಿಂದಿನ ರಾತ್ರಿ ಐಸ್ ಹಾಕಿ ಪಂದ್ಯ, ಮರುದಿನ ಮಧ್ಯಾಹ್ನ ಬ್ಯಾಸ್ಕೆಟ್‌ಬಾಲ್ ಇರುವ ಕಡೆ ಇದಕ್ಕೆ ಸಮಯವೇ ಉಳಿಯುವುದಿಲ್ಲ. ಸಮಯ ಉಳಿಯದ ದಿನಾಂಕವನ್ನು ದಿನಾಂಕ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಐಸ್ ಹಾಕಿ ಇಲ್ಲದ ಅರೀನಾ ಆದರೆ ಬೋರ್ಡು, ಗಾಜು, ಗೋಲಿನ ಹಿಂದಿನ ಎತ್ತರದ ಬಲೆ ಎಲ್ಲ ಹೊರಗಿನಿಂದ ಬರಬೇಕು. ಚೆಂಡು ಸುಮಾರು 145 ಗ್ರಾಂ ತೂಕದ ಗಟ್ಟಿ ರಬ್ಬರು. ವೃತ್ತಿಪರರು ಹೊಡೆದದ್ದು ಗಂಟೆಗೆ 160 ಕಿಲೊಮೀಟರ್ ದಾಟಬಲ್ಲದು. ಬಲೆಯ ವಿಷಯದಲ್ಲಿ ರಾಜಿ ಸಾಧ್ಯವಿಲ್ಲ.

ಮೂರನೆಯದು ಆಟಗಾರರು. ಇಲ್ಲಿ ಹೊಸ ಮಾಲೀಕರು ಎಡವುವುದು ಹೆಚ್ಚು. ಎನ್‌ಎಲ್‌ಎಲ್ ಆಟಗಾರರಲ್ಲಿ ಬಹಳ ಮಂದಿಗೆ ವಾರದ ದಿನಗಳಲ್ಲಿ ಬೇರೆ ಕೆಲಸವಿದೆ. ಶಿಕ್ಷಕರು, ಅಗ್ನಿಶಾಮಕ ಸಿಬ್ಬಂದಿ, ಕಟ್ಟಡ ಕೆಲಸದವರು ಇದ್ದಾರೆ. ಅವರ ಮನೆ ಹೆಚ್ಚಾಗಿ ಒಂಟಾರಿಯೊ ಅಥವಾ ಬ್ರಿಟಿಷ್ ಕೊಲಂಬಿಯಾದಲ್ಲಿ. ಶುಕ್ರವಾರ ಹಾರಿ ಬಂದು, ರಾತ್ರಿ ಅಭ್ಯಾಸ ಮಾಡಿ, ಶನಿವಾರ ಆಡಿ, ಭಾನುವಾರ ಮರಳುತ್ತಾರೆ. ಪಂದ್ಯಕ್ಕೆ 19 ಆಟಗಾರರು, ಕೋಚ್, ಫಿಸಿಯೊ, ಸಲಕರಣೆ ನೋಡುವವರು ಸೇರಿ 25 ಜನ ಎಂದಿಟ್ಟುಕೊಳ್ಳಿ. ಹೊರಗಿನ 9 ಪಂದ್ಯಕ್ಕೆ ಹೋಗಿಬರುವ 225 ಟಿಕೆಟ್. ಇದು ಎಲ್ಲ ತಂಡಕ್ಕೂ ಹೆಚ್ಚುಕಡಿಮೆ ಇದ್ದದ್ದೇ. ಆದರೆ ದಕ್ಷಿಣದ ಹೊಸ ಊರಿನ ತಂಡದಲ್ಲಿ 15 ಜನ ಕೆನಡಾದಲ್ಲಿ ಇದ್ದರೆ ತವರು ಪಂದ್ಯಕ್ಕೂ ಅವರು ಹಾರಿಯೇ ಬರಬೇಕು. ಇನ್ನೂ 135 ಟಿಕೆಟ್, ಜೊತೆಗೆ ಹೋಟೆಲ್. ಇಂಥ ತಂಡಕ್ಕೆ ತವರು ಎಂಬುದೇ ಇಲ್ಲ. ಹದಿನೆಂಟೂ ವಾರಾಂತ್ಯ ಪ್ರಯಾಣ. ಫೆಬ್ರವರಿಯ ಒಂದು ಹಿಮಬಿರುಗಾಳಿಗೆ ಟೊರೊಂಟೊ ವಿಮಾನಗಳು ರದ್ದಾದರೆ ಅರ್ಧ ತಂಡ ಬರುವುದಿಲ್ಲ. ಹ್ಯಾಮಿಲ್ಟನ್, ಓಷಾವ, ಒಟ್ಟಾವಗಳಿಗೆ ತಂಡಗಳು ಹತ್ತಿರ ಹತ್ತಿರ ಸೇರುತ್ತಿರುವುದಕ್ಕೆ ಇದೂ ಒಂದು ಕಾರಣ ಎಂದು ನಮಗೆ ತೋರುತ್ತದೆ. ಅಲ್ಲಿ ಆಟಗಾರರು ಕಾರಿನಲ್ಲಿ ಬರಬಲ್ಲರು.

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಆಟಗಾರ ಊರಲ್ಲಿ ಇಲ್ಲದಿದ್ದರೆ ಬುಧವಾರ ಶಾಲೆಗೆ ಹೋಗಿ ಮಕ್ಕಳಿಗೆ ಕೋಲು ಹಿಡಿಸುವವರು ಯಾರು? ಹೊಸ ಊರಿನ ಜನ ಟಿಕೆಟ್ ಕೊಳ್ಳುವುದು ಪರಿಚಯದ ಮುಖಕ್ಕೆ. ಆದ್ದರಿಂದ ಕನಿಷ್ಠ ಆರು ಆಟಗಾರರು ಡಿಸೆಂಬರ್‌ನಿಂದ ಮೇವರೆಗೆ ಅಲ್ಲೇ ವಾಸಿಸಬೇಕು, ಅವರಿಗೆ ಶಾಲೆ, ಕ್ಲಬ್ಬುಗಳಲ್ಲಿ ತರಬೇತುದಾರರ ಕೆಲಸವನ್ನೂ ಮನೆ ಬಾಡಿಗೆಯನ್ನೂ ಮಾಲೀಕರು ಒದಗಿಸಬೇಕು ಎಂಬ ಷರತ್ತು ಹಾಕಿ. ಕೆನಡಾದವರಿಗೆ ಅಮೆರಿಕದಲ್ಲಿ ಇಂಥ ಕೆಲಸಕ್ಕೆ ಸರ್ಕಾರದ ಅನುಮತಿ ಬೇಕಾಗುತ್ತದೆ. ಬೇಸಿಗೆಯಲ್ಲೇ ಅದರ ಕಾಗದಪತ್ರ ಶುರುವಾಗದಿದ್ದರೆ ಡಿಸೆಂಬರ್‌ಗೆ ಆಗುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ, ಕೆನಡಾದಲ್ಲಿ ಬೇಸಿಗೆ ಬಂದಾಗ ಊರೂರಿನ ಅರೀನಾಗಳ ಮಂಜುಗಡ್ಡೆ ತೆಗೆದು ಬರಿಯ ಕಾಂಕ್ರೀಟಿನ ಮೇಲೆ ಮಕ್ಕಳು ಬಾಕ್ಸ್ ಆಡುತ್ತಾರೆ. ಬೋರ್ಡು ಪುಕ್ಕಟೆ ಇದ್ದೇ ಇರುತ್ತದೆ. ಅಮೆರಿಕದ ದಕ್ಷಿಣದಲ್ಲಿ ಅಂಥ ಅರೀನಾಗಳು ಕಡಿಮೆ. ಅಲ್ಲಿ ಮಕ್ಕಳು ಆಡುವುದು ಬಯಲು ಆಟ. ಅದರಲ್ಲಿ ಗೋಲು 6 ಅಡಿ ಅಗಲ 6 ಅಡಿ ಎತ್ತರ, ಎನ್‌ಎಲ್‌ಎಲ್‌ನಲ್ಲಿ 4 ಅಡಿ 9 ಅಂಗುಲ ಅಗಲ, 4 ಅಡಿ ಎತ್ತರ. ಬಯಲಿನ ಗೋಲಿ ತೆಳು ಪ್ಯಾಡ್ ಹಾಕಿ ದೊಡ್ಡ ಬಲೆಯ ಕೋಲಿನಿಂದ ಹಿಡಿಯುತ್ತಾನೆ, ಬಾಕ್ಸ್ ಗೋಲಿ ಮೈತುಂಬ ಪ್ಯಾಡ್ ಹಾಕಿ ದೇಹವನ್ನೇ ಅಡ್ಡ ಇಡುತ್ತಾನೆ. ಒಂದರ ಪರಿಣತಿ ಇನ್ನೊಂದಕ್ಕೆ ಬರುವುದಿಲ್ಲ. ಹಾಗಾಗಿ ಹೊಸ ಊರುಗಳಲ್ಲಿ ಎಲ್ಲಕ್ಕಿಂತ ಕೊರತೆ ಗೋಲಿಗಳದ್ದು. ಗೋಲಿ ಇಲ್ಲದ ಮಕ್ಕಳ ತಂಡ ಎರಡು ವಾರದಲ್ಲಿ ಒಡೆಯುತ್ತದೆ.

ಇದಕ್ಕೆ ದಾರಿ ಇದೆ. ರೋಲರ್ ಹಾಕಿ ಅಂಕಣಗಳಲ್ಲಿ ಬೋರ್ಡು ಈಗಾಗಲೇ ಇರುತ್ತದೆ, ಖಾಲಿ ಇರುವ ಗಂಟೆಗಳೂ ಇರುತ್ತವೆ. ತಂಡ ಆಡಲು ಶುರುಮಾಡುವ ಎರಡು ವರ್ಷ ಮೊದಲೇ ಇಂಥ ಎರಡು ಮೂರು ಅಂಕಣಗಳಲ್ಲಿ ಮಕ್ಕಳ ಬಾಕ್ಸ್ ಲೀಗು ನಡೆಸಲಿ. 4 ಅಡಿ ಅಗಲ 4 ಅಡಿ ಎತ್ತರದ ಗೋಲು ಸಾಕು. ಪ್ರತಿ ತಂಡಕ್ಕೆ ಎರಡು ಗೋಲಿ ಕಿಟ್‌ಗಳನ್ನು ಮಾಲೀಕರೇ ಕೊಡಿಸಲಿ, ಏಕೆಂದರೆ ಮನೆಯವರು ಮೊದಲ ವರ್ಷ ಅಷ್ಟು ಖರ್ಚು ಮಾಡುವುದಿಲ್ಲ. ಬಾಕ್ಸ್‌ನಲ್ಲಿ ಕೋಲಿನಿಂದ ಅಡ್ಡ ತಳ್ಳುವುದು ನಿಯಮದೊಳಗೇ ಇರುವುದರಿಂದ ಪಕ್ಕೆಲುಬು ಮತ್ತು ತೋಳಿಗೆ ಬಯಲು ಆಟಕ್ಕಿಂತ ದಪ್ಪ ಪ್ಯಾಡ್ ಬೇಕು. ಇದನ್ನು ಮೊದಲ ದಿನವೇ ಪೋಷಕರಿಗೆ ಹೇಳದಿದ್ದರೆ ಮೊದಲ ಪಂದ್ಯದ ಮೈಕೈ ನೋವಿಗೇ ಮಗು ಆಟ ಬಿಡುತ್ತದೆ. ಬಲಗೈ ಆಟಗಾರ ಅಂಕಣದ ಎಡಬದಿಯಲ್ಲಿ, ಎಡಗೈಯವರು ಬಲಬದಿಯಲ್ಲಿ ನಿಲ್ಲುವ ಆಟವಿದು. ಪ್ರತಿ ತಂಡದಲ್ಲೂ ಮೂರನೇ ಒಂದು ಭಾಗವಾದರೂ ಎಡಗೈಯವರು ಇರುವಂತೆ ಆರಂಭದಲ್ಲೇ ನೋಡಿಕೊಳ್ಳಿ.

ಈ ತರಬೇತಿಗೆ ಮೊದಲು ಕರೆಯಬೇಕಾದವರು ಉತ್ತರ ಅಮೆರಿಕದ ಮೂಲನಿವಾಸಿಗಳಾದ ಹೌಡೆನೊಶೌನಿ ಸಮುದಾಯದವರು. ಆಟ ಅವರದ್ದು, ಅವರಿಗೆ ಅದು ಸೃಷ್ಟಿಕರ್ತ ಕೊಟ್ಟ ವರ. ಗ್ರ್ಯಾಂಡ್ ನದಿಯ ಸಿಕ್ಸ್ ನೇಷನ್ಸ್, ಆಕ್ವೆಸಾಸ್ನೆ, ಒನೊಂಡಾಗಗಳಲ್ಲಿ ಬಾಕ್ಸ್ ಆಟ ತಲೆಮಾರುಗಳಿಂದ ಬಂದಿದೆ. ಹೊಸ ಊರಿನಲ್ಲಿ ಉದ್ಘಾಟನೆಯ ದಿನ ಮಾತ್ರ ಅವರನ್ನು ವೇದಿಕೆಗೆ ಕರೆದು ಮುಗಿಸುವುದು ಗೌರವವಲ್ಲ. ತರಬೇತುದಾರರ ಹುದ್ದೆ ಕೊಡಿ, ಸಂಬಳ ಕೊಡಿ.

ಬಯಲು ಆಟದ ಪ್ರೀಮಿಯರ್ ಲ್ಯಾಕ್ರೋಸ್ ಲೀಗಿನ ಅನುಭವವನ್ನೂ ಗಮನಿಸಿ. 2019ರಿಂದ 2023ರವರೆಗೆ ಅದರ ತಂಡಗಳಿಗೆ ಊರೇ ಇರಲಿಲ್ಲ. ಕೋವಿಡ್‌ನ 2020 ಬಿಟ್ಟರೆ ಎಲ್ಲ ತಂಡಗಳೂ ವಾರಾಂತ್ಯಕ್ಕೊಂದು ಊರಿಗೆ ಹೋಗಿ ಆಡಿದವು. ಎಲ್ಲಿ ಜನ ಬಂದರು ಎಂದು ನೋಡಿಕೊಂಡ ಮೇಲೆ 2024ರಲ್ಲಿ ಎಂಟು ತಂಡಗಳಿಗೆ ಊರಿನ ಅಥವಾ ರಾಜ್ಯದ ಹೆಸರು ಕೊಟ್ಟರು. ಚಳಿಗಾಲದ ಒಳಾಂಗಣ ಲೀಗಿಗೆ ಪೂರ್ತಿ ಆ ದಾರಿ ಹೊಂದುವುದಿಲ್ಲ. ಆದರೆ ಹೊಸ ಊರಲ್ಲಿ ಎರಡು ಚಳಿಗಾಲ, ಎರಡೆರಡು ಪಂದ್ಯ, ಅಂಕದ ಪಟ್ಟಿಗೆ ಸೇರುವ ನಿಜವಾದ ಪಂದ್ಯ, ಆಡಿಸಿ ನೋಡುವುದು ಸಾಧ್ಯ. ಎರಡನೇ ವರ್ಷ ಹಣ ಕೊಟ್ಟು ಬಂದವರ ಸಂಖ್ಯೆ ಮೊದಲ ವರ್ಷಕ್ಕಿಂತ ಇಳಿದರೆ ಅಲ್ಲಿಗೆ ನಿಲ್ಲಿಸಿ.

ಕೊನೆಗೆ ಠೇವಣಿ. ಪ್ರವೇಶ ಶುಲ್ಕ ಹಳೆಯ ತಂಡಗಳ ನಡುವೆ ಹಂಚಿಹೋಗದಿರಲಿ. ಅದರಿಂದ ಒಂದು ಋತುವಿನ ಆಟಗಾರರ ಸಂಬಳ, ಅಷ್ಟೂ ಋತುಟಿಕೆಟ್‌ಗಳ ಮರುಪಾವತಿ, ಮಕ್ಕಳ ಲೀಗಿನ ಮೂರು ವರ್ಷದ ಖರ್ಚು ಇಷ್ಟನ್ನು ಬೇರೆ ಖಾತೆಯಲ್ಲಿ ಇಡಿ. ತಂಡ ಐದು ಋತು ಮುಗಿಸಿದ ಮೇಲೆ ಉಳಿದದ್ದನ್ನು ಬಿಡುಗಡೆ ಮಾಡಿ. ಪ್ಯಾಂಥರ್ ಸಿಟಿ ಮುಚ್ಚಿದಾಗ ಆಟಗಾರರನ್ನು ಉಳಿದ ತಂಡಗಳಿಗೆ ಹಂಚಲು ಒಂದು ಕ್ರಮವಿತ್ತು. ಆ ತಂಡದ ಹೆಸರಿನಲ್ಲಿ ಕೋಲು ಹಿಡಿದ ಮಕ್ಕಳಿಗೂ ಅಂಥದೊಂದು ಕ್ರಮ ಬೇಕು: ತಂಡ ಹೋದರೂ ಅವರ ಅಂಕಣದ ಬಾಡಿಗೆಯನ್ನು ಮೂರು ವರ್ಷ ಲೀಗು ಕಟ್ಟಬೇಕು.

ಈ ಷರತ್ತುಗಳನ್ನು ಮುಂದಿನ ಅರ್ಜಿ ಸ್ವೀಕರಿಸುವ ಮೊದಲೇ ಬಹಿರಂಗವಾಗಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ,
ಬಾಕ್ಸ್ ಲ್ಯಾಕ್ರೋಸ್ ಹಿತೈಷಿಗಳು